ಅನ್ನವ್ವನ ನಿದ್ದೆ

“ಎಡಕ್ಕ ವಾಲಾಕತ್ತಾರ, ಹಿಡೀರಿ! ಹಗ್ಗ ಅಲ್ಲೋ ಮಾರಾಯಾ, ಮೊದಲ ಕಾಕಾನ್ನ ಹಿಡಿ!”

ಯಲ್ಲೇಶನ ಕೂಗಿಗೆ ಜೊತೆಗಿದ್ದ ಇಬ್ಬರು ಎರಡೂ ಕಡೆಯಿಂದ ಕಾಡಸಿದ್ದನ ಹೆಗಲಿಗೆ ಕೈಕೊಟ್ಟರು. ಮಗ್ಗಗಳ ಊರಾದ ಇಚಲಕರಂಜಿಯ ಆ ಸಣ್ಣ ಓಣಿಯಲ್ಲಿ, ಮನೆಯ ಕಟ್ಟೆಯ ಮೇಲೆ, ಗೋಡೆಗೆ ಆನಿಸಿದ ಹಲಗೆಗೆ ಅವನನ್ನು ನೆಟ್ಟಗೆ ಕೂಡಿಸುವ ಕೆಲಸ ನಡೆದಿತ್ತು. ಅವರ ಜನರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೀಯಿಸಿ, ವಿಭೂತಿ ಬಳಿದು, ರುಮಾಲು ಸುತ್ತಿ ಕೂಡಿಸುತ್ತಾರೆ. ಮಣ್ಣಿಗೂ ಕೂತ ಹಾಗೆಯೇ ಒಯ್ಯುತ್ತಾರೆ. ಯಲ್ಲೇಶ ರಾತ್ರಿಪಾಳಿ ಮುಗಿಸಿ ಮಗ್ಗದ ಶೆಡ್ಡಿನಿಂದ ನೇರ ಬಂದಿದ್ದ. ತಲೆಗೂದಲಲ್ಲಿ ಇನ್ನೂ ಹತ್ತಿಯ ನವಿರು ಅಂಟಿಕೊಂಡಿತ್ತು.

ಎದೆಗೆ ಬಟ್ಟೆ ಬಿಗಿದದ್ದಾಯಿತು. ಯಲ್ಲೇಶ ಕಾಡಸಿದ್ದನ ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟು, ಅದು ಈಗ ಎಂದಿನಂತೆ ನಡುಗಿ ಕುಣಿಯುತ್ತದೆ ಎಂಬಂತೆ ಅಭ್ಯಾಸಬಲದಿಂದ ಸ್ವಲ್ಪ ಕಾಯ್ದ. ಕೈ ಸುಮ್ಮನಿತ್ತು. ಅಷ್ಟು ಹೊತ್ತು ಗಟ್ಟಿಯಾಗಿದ್ದವನು ಅದನ್ನು ನೋಡಿ ಗಳಗಳ ಅತ್ತುಬಿಟ್ಟ.

ಹೆಂಡತಿ ಅನ್ನವ್ವ ಗಂಡನ ಪಕ್ಕದಲ್ಲೇ ಗೋಡೆಗೆ ಆತು ಕೂತಿದ್ದಳು. ಬೆಳಗಿನ ಜಾವ ಚಹಾ ಹಿಡಿದು ಕರೆದಾಗ ಗಂಡ ಓಗೊಡಲಿಲ್ಲ. ಆಗ ಒಂದು ಸಲ ಜೋರಾಗಿ ಅತ್ತದ್ದು, ಆಮೇಲೆ ಇಲ್ಲ. ಕೊಲ್ಹಾಪುರದಿಂದ ಓಡಿಬಂದ ಮಗಳು ನೇತ್ರಾಳ ಕೈಯನ್ನು ಹಿಡಿದು ಅವಳು ಈಗ ಕಿವಿಯಲ್ಲಿ ಹೇಳಿದಳು. ಮಕ್ಕಳು ಜ್ವರ ಬಂದದ್ದನ್ನು ಹೇಳುವಾಗಿನ ಅಂಜಿಕೆ ಆ ದನಿಯಲ್ಲಿತ್ತು.

“ನೇತ್ರಾ, ನನಗ ನಿದ್ದಿ ಬರಾಕತ್ತೈತವಾ.”

“ಬಂದ್ರ ಮಲಗವ್ವ.”

“ಹುಚ್ಚಿ! ಗಂಡನ್ನ ಕಟ್ಟೀ ಮ್ಯಾಲೆ ಕೂಡಿಸಿ ಮಲಗಿದ್ಲು ಅಂತ ಮಂದಿ ಆಡಿಕೊಳ್ಳೂದಿಲ್ಲೇನ?”

“ಆಡಿಕೊಳ್ಳಲಿ. ನೇಸರಿಯಿಂದ ಅಪ್ಪಣ್ಣ ಬರೂತನಕಾ ಎತ್ತೂದಿಲ್ಲ. ಟೆಂಪೋ ಮಾಡಕೊಂಡು ಬರಾಕತ್ತಾರ, ಇನ್ನ ಭಾಳ ಹೊತ್ತೈತಿ.”

ಅಪ್ಪಣ್ಣ ಕಾಡಸಿದ್ದನ ಅಣ್ಣನ ಮಗ. ಗಂಡುಮಕ್ಕಳಿಲ್ಲದ ಕಾಕಾನಿಗೆ ಮಣ್ಣು ಕೊಡಬೇಕಾದವನು ಅವನೇ.

“ಬರೇ ಕಣ್ಣು ಮುಚ್ಚತೇನಿ, ಮಲಗೂದಿಲ್ಲ,” ಎಂದಳು ಅನ್ನವ್ವ. ಮಾತು ಮುಗಿಯುವ ಮೊದಲೇ ಅವಳ ತಲೆ ಜಾರಿ ಗಂಡನ ಹೆಗಲ ಮೇಲೆ ಬಿತ್ತು.

ನೇತ್ರಾ ಸೆರಗು ಸರಿಮಾಡಿ ಎದ್ದು ನಿಂತಳು. ಎಂಟೊಂಬತ್ತು ವರ್ಷಗಳಿಂದ ತಾಯಿ ಒಂದು ರಾತ್ರಿಯನ್ನೂ ಇಡಿಯಾಗಿ ಮಲಗಿದ್ದನ್ನು ಅವಳು ಕಂಡಿರಲಿಲ್ಲ. ಅಪ್ಪನಿಗಾಗಿ ಮಾಡುವುದು ಇನ್ನೇನೂ ಉಳಿದಿರಲಿಲ್ಲ. ಅಪ್ಪಣ್ಣನ ಟೆಂಪೋ ಬರುವವರೆಗೆ ಅವ್ವನನ್ನು ಯಾರೂ ಎಬ್ಬಿಸಬಾರದು, ಬ್ರಹ್ಮ ಬಂದರೂ ಎಬ್ಬಿಸಬಾರದು ಎಂದು ಅವಳು ನಿಶ್ಚಯಿಸಿಬಿಟ್ಟಳು.

*

ಕಾಡಸಿದ್ದ ಮಗ್ಗದ ಜಾಬರ್, ಎಂದರೆ ಕೆಟ್ಟು ಕೂತ ಪವರ್‌ಲೂಮನ್ನು ರಿಪೇರಿ ಮಾಡಿ ಮತ್ತೆ ಓಡಿಸುವವನು. ಒಂದು ದಿನ ನಟ್ಟು ಬಿಗಿಯಲು ಪಾನಾ ಹಿಡಿದ ಬಲಗೈ ತಾನೇ ಅಲುಗತೊಡಗಿತು. ಕೊಲ್ಹಾಪುರದ ಡಾಕ್ಟರು ಪಾರ್ಕಿನ್ಸನ್ ಎಂದರು. ತಿರುಗಿ ಬರುವಾಗ ಬಸ್ಸಿನಲ್ಲಿ ಅವನು ಹೆಂಡತಿಗೆ, “ಇಂಗ್ಲಿಷ್ ಹೆಸರಿನ ಬ್ಯಾನಿ. ನಮ್ಮ ಮನೆತನದಾಗ ಇದು ಯಾರಿಗೂ ಬಂದಿದ್ದಿಲ್ಲ ನೋಡ!” ಎಂದು, ಬಡ್ತಿ ಸಿಕ್ಕವನಂತೆ ಬೀಗಿದ.

ಕೈ ನಡುಗುವುದಕ್ಕೆ ಇಬ್ಬರೂ ಬೇಗ ಒಗ್ಗಿಕೊಂಡರು. ಜೋಳದ ಹಿಟ್ಟಿನ ಜರಡಿಯನ್ನು ಅವನೇ ಕೇಳಿ ಇಸಿದುಕೊಳ್ಳುತ್ತಿದ್ದ. ನಾನು ಹಿಡಿದರೆ ಸಾಕು, ಅದು ತಾನೇ ಸಾಣಿಸುತ್ತದೆ ಎನ್ನುವುದು ಅವನ ವಾದ. ಆದರೆ ನಿದ್ದೆ ಹೋಯಿತಲ್ಲ, ಅದು ಜರಡಿಯ ಹಾಗೆ ನಕ್ಕು ಬಿಡುವ ಮಾತಲ್ಲ. ರಾತ್ರಿ ಗುಳಿಗೆಯ ಕಸುವು ಇಳಿದರೆ ಮೈ ಮರದ ಕೊರಡಾಗುತ್ತಿತ್ತು. ಒಂದು ಮಗ್ಗಲಿನಿಂದ ಇನ್ನೊಂದು ಮಗ್ಗಲಿಗೆ ಹೊರಳಲೂ ಅನ್ನವ್ವ ಎದ್ದು ದಬ್ಬಬೇಕು. ಕಣ್ಣು ಹತ್ತಿತು ಎನ್ನುವಷ್ಟರಲ್ಲಿ ಕಾಲು ಸೆಟೆಯುತ್ತಿತ್ತು, ಇಲ್ಲವೇ ಮೂತ್ರಕ್ಕೆ ಏಳಬೇಕಾಗುತ್ತಿತ್ತು.

ಹಾಸಿಗೆಗೆ ನುಣುಪು ಬಟ್ಟೆ ಹಾಸಿರಿ, ಹೊರಳುವುದು ಸುಲಭವಾಗುತ್ತದೆ ಎಂದರು ಡಾಕ್ಟರು. ಬಟ್ಟೆಯ ಊರಿನಲ್ಲಿ ಬಟ್ಟೆಗೇನು ಬರ? ಪಕ್ಕದ ಶೆಡ್ಡಿನ ಮಾಲಕ ದಾದಾಸಾಹೇಬ ಗುಲಾಬಿ ಬಣ್ಣದ ಸಾಟಿನ್ ತುಂಡೊಂದನ್ನು ಕೊಟ್ಟ. ಅನ್ನವ್ವ ಅರ್ಧಂಬರ್ಧ ಕೆಲಸ ಮಾಡುವವಳಲ್ಲ. ಹಾಸಿಗೆಗೆ ಹಾಸಿ ಉಳಿದ ಬಟ್ಟೆಯಲ್ಲಿ ಗಂಡನಿಗೊಂದು ಪಾಯಜಾಮವನ್ನೂ ಹೊಲಿದಳು. ಸಾಟಿನ್ ಮೇಲೆ ಸಾಟಿನ್! ಆ ರಾತ್ರಿ ಕಾಡಸಿದ್ದ ಹೊರಳಿದ್ದೊಂದೇ ಗೊತ್ತು, ಮಂಚದಿಂದ ಸುಯ್ಯೆಂದು ಜಾರಿ, ಕೆಳಗೆ ಮಲಗಿದ್ದ ಅನ್ನವ್ವನ ಮೇಲೆ ಬಂದು ಬಿದ್ದ.

“ಏನ್ರೀ ಇದು, ಈ ವಯಸ್ಸಿನ್ಯಾಗ!” ಎಂದಳು ಅವಳು.

“ನೀನ ಹೊಲಿದ ಪಾಯಜಾಮ, ನೀನ ಅನುಭವಿಸು,” ಎಂದ ಅವನು.

ಇಬ್ಬರೂ ಎದ್ದೇಳಲಾಗದೆ ಬೆಳಗಿನವರೆಗೆ ನಕ್ಕರು. ಪಾಯಜಾಮ ಮರುದಿನವೇ ನೆಲ ಒರೆಸುವ ಬಟ್ಟೆಯಾಯಿತು.

ನಿದ್ದೆಯ ದಾರಿ ಕೊನೆಗೆ ಸಿಕ್ಕದ್ದು ದಾದಾಸಾಹೇಬನ ಶೆಡ್ಡಿನ ಬಾಗಿಲಲ್ಲಿ. ಹೊಸ್ತಿಲು ದಾಟುವಾಗ ನೆಲಕ್ಕೆ ಅಂಟಿಕೊಳ್ಳುತ್ತಿದ್ದ ಅವನ ಕಾಲು, ಮಗ್ಗದ ಖಟ್-ಖಟ್ ಸದ್ದು ಕೇಳಿದರೆ ಆ ಲಯಕ್ಕೆ ತಾನೇ ಹೆಜ್ಜೆ ಹಾಕುತ್ತಿತ್ತು. ಅನ್ನವ್ವ ಅವನನ್ನು ನಡೆಸಿಕೊಂಡು ಹೋಗಿ ಶೆಡ್ಡಿನ ಹೊರಗೆ ಕುರ್ಚಿಯಲ್ಲಿ ಕೂಡಿಸುತ್ತಿದ್ದಳು. ಜೀವಮಾನವಿಡೀ ಅವನು ದುಡಿದದ್ದು ಆ ಸದ್ದಿನಲ್ಲೇ. ಹತ್ತು ನಿಮಿಷದಲ್ಲಿ ಅವನಿಗೆ ಗೊರಕೆ ಬರುತ್ತಿತ್ತು. ಮುಂದಕ್ಕೆ ಮುಗ್ಗರಿಸಿಯಾನು ಎಂದು ಅನ್ನವ್ವ ಮಾತ್ರ ಪಕ್ಕದಲ್ಲಿ ಕಣ್ಣು ಬಿಟ್ಟುಕೊಂಡೇ ಕೂರುತ್ತಿದ್ದಳು. ಚಹಾಕ್ಕೆ ಹೊರಬಂದ ಯಲ್ಲೇಶ, “ಕಾಕಿ, ನಾ ನೋಡತೇನಿ, ನೀವ್ ಹೋಗಿ ಮಲಗ್ರಿ,” ಎಂದರೆ ಅವಳದು ಒಂದೇ ಉತ್ತರ: “ಅವರು ಮಲಗೂದು ನೋಡೂದ ನನಗ ನಿದ್ದಿ ಮಾಡಿದಂಗೋ.”

*

ಗಡಹಿಂಗ್ಲಜದಿಂದ ಕಾಡಸಿದ್ದನ ಅಕ್ಕ ಮಾಣಿಕಬಾಯಿ ಬಂದಳು. ಓಣಿಯ ತಿರುವಿನಲ್ಲೇ ಅವಳ ಅಳು ಕೇಳಿತು. “ನನ್ನ ತಮ್ಮಾ, ನನ್ನ ಬಂಗಾರಾ, ಅಕ್ಕನ ಬಿಟ್ಟ ಹ್ಯಾಂಗ ಹೋದ್ಯೋ!” ಎನ್ನುತ್ತ ಕಟ್ಟೆಯ ಹತ್ತಿರ ಬಂದವಳು, ತಮ್ಮನ ಕಾಲು ಮುಟ್ಟಿ ಅವನ ಹೆಂಡತಿಯ ಕಡೆಗೆ ತೋಳು ಚಾಚಿದಳು. ಅಪ್ಪಿಕೊಂಡು ಅಳಲು ಅವಳು ಎಚ್ಚರ ಇರಬೇಕಲ್ಲ. ಅನ್ನವ್ವ ಬಾಯಿ ತುಸು ತೆರೆದು ಗೊರಕೆ ಹೊಡೆಯುತ್ತಿದ್ದಳು.

ಮಾಣಿಕಬಾಯಿಯ ಅಳು ಅಲ್ಲೇ ನಿಂತುಹೋಯಿತು.

“ಇದೇನ ಇದು? ಮಲಗ್ಯಾಳ?”

“ಮಲಗಲಿ ಬಿಡ ಅತ್ತಿ,” ಎಂದು ನೇತ್ರಾ ಅಡ್ಡ ನಿಂತಳು.

“ಗಂಡ ಸತ್ತಾನ, ಇಕಿಗೆ ನಿದ್ದಿ ಹತ್ತೈತಿ! ಎಬ್ಬಿಸ ಮೊದಲ.”

“ಎಬ್ಬಿಸಾಕ ಕೊಡೂದಿಲ್ಲ.”

“ನೀ ಯಾರ ಕೊಡಾಕ?”

“ಮಗಳು. ನನ್ನ ಬೈ ಅತ್ತಿ, ಬೇಕಂದ್ರ ಎರಡ ಬಡಿ. ಖರೇ ಅಪ್ಪಣ್ಣ ಬರೂತನಕಾ ಅವ್ವನ್ನ ಮುಟ್ಟಬ್ಯಾಡ. ಆಕಿ ಸಾಯೂದೊಂದ ಬಾಕಿ ಐತಿ ನಿದ್ದಿ ಇಲ್ಲದ.”

ಕೂತಿದ್ದ ಹೆಂಗಸರು ಸೆರಗನ್ನು ಬಾಯಿಗೆ ಹಿಡಿದರು. ಅಳುವನ್ನು ಮುಚ್ಚಲೋ ನಗುವನ್ನು ಮುಚ್ಚಲೋ, ದೇವರೇ ಬಲ್ಲ. ಮಾಣಿಕಬಾಯಿಗೆ ಸಿಟ್ಟು ನೆತ್ತಿಗೇರಿತು. ಆ ಸಿಟ್ಟು ಇವತ್ತಿನದಷ್ಟೇ ಆಗಿರಲಿಲ್ಲ.

*

ಹಿಂದಿನ ವರ್ಷ ಅವಳೇ ಹಟ ಹಿಡಿದು ತಮ್ಮನನ್ನು ಗಡಹಿಂಗ್ಲಜಕ್ಕೆ ಕರೆಸಿಕೊಂಡಿದ್ದಳು. “ಆ ಖಟಖಟದಾಗ ಯಾರಿಗೆ ನಿದ್ದಿ ಬರತೈತಿ? ನನ್ನ ಮನ್ಯಾಗ ಒಂದ ಇಲಿ ಸದ್ದ ಇಲ್ಲ,” ಎಂದು ನದಿಯ ಕಡೆಯ ಕೋಣೆಯಲ್ಲಿ ಹೊಸ ಗಾದಿ ಹಾಸಿದ್ದಳು. ಹಾಲಿಗೆ ಜಾಯಿಕಾಯಿ ತೇಯ್ದು ಹಾಕಿದಳು, ಅಂಗಾಲಿಗೆ ಹರಳೆಣ್ಣೆ ತಿಕ್ಕಿದಳು. ಕಾಡಸಿದ್ದ ಆ ನಿಶ್ಶಬ್ದದಲ್ಲಿ ಗೂಬೆಯ ಹಾಗೆ ಕಣ್ಣು ಪಿಳುಕಿಸುತ್ತ ಕೂತ. ನಾಲ್ಕನೆಯ ದಿನ ಅನ್ನವ್ವ, “ಸದ್ದ ಇಲ್ಲರೀ ಅಕ್ಕಾ ಇಲ್ಲಿ, ಇವರಿಗೆ ಆಗೂದಿಲ್ಲ,” ಎಂದು ಹೊರಡಿಸಿದಳು.

ಎಸ್‌ಟಿ ಬಸ್ಸು ಗಡಗಡ ಎನ್ನುತ್ತ ಸ್ಟ್ಯಾಂಡು ಬಿಟ್ಟದ್ದೇ ತಡ, ಕಾಡಸಿದ್ದ ಕಿಟಕಿಗೆ ತಲೆಯಿಟ್ಟು ಮಲಗಿದವನು ಕಂಡಕ್ಟರು ಎಬ್ಬಿಸುವವರೆಗೆ ಏಳಲಿಲ್ಲ. ಈ ಸುದ್ದಿ ಹೇಗೋ ಮಾಣಿಕಬಾಯಿಯ ಕಿವಿಗೆ ಬಿತ್ತು. ಬಸ್ಸಿನಲ್ಲಿ ಹತ್ತುವ ನಿದ್ದೆ ಅಕ್ಕನ ಮನೆಯಲ್ಲಿ ಹತ್ತುವುದಿಲ್ಲವೆಂದರೆ ಅದರಲ್ಲಿ ತಮ್ಮನ ಹೆಂಡತಿಯ ಕೈವಾಡವಿದೆ ಎಂದೇ ಅವಳು ನಂಬಿದಳು. ತಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಅನ್ನವ್ವನಿಗೆ ಕೊಡು ಎಂದು ಮಾತ್ರ ಒಮ್ಮೆಯೂ ಹೇಳಲಿಲ್ಲ.

*

“ಮಲಗ್ಯಾಳ ಅಂದ್ರ ಮಲಗಲಿ. ಖರೇ ಇದೇನ?” ಮಾಣಿಕಬಾಯಿ ಗೋಡೆಯಾಚೆಗೆ ಕೈ ತೋರಿಸಿದಳು. “ಓಣ್ಯಾಗ ಹೆಣ ಐತಿ, ಮಗ್ಗ ಓಡಾಕತ್ತಾವ! ನಿಮಗ ಮರ್ಯಾದಿ ಅನ್ನೂದ ಗೊತ್ತೈತೇನ?”

ಮಾತು ಅಂಗಳದಲ್ಲೇ ನಿಂತಿದ್ದ ದಾದಾಸಾಹೇಬನಿಗೆ ನಾಟಿತು. ಸಾವಾದರೆ ಹೆಣ ಎತ್ತುವವರೆಗೆ ಆ ಓಣಿಯ ಮಗ್ಗಗಳನ್ನು ನಿಲ್ಲಿಸುವುದು ವಾಡಿಕೆ. ಬೆಳಿಗ್ಗೆ ಅವನು ಕೇಳಿದ್ದ ಕೂಡ; ಇರಲಿ ಓಡಲಿ ಎಂದು ಅನ್ನವ್ವನೇ ಕೈಸನ್ನೆ ಮಾಡಿದ್ದಳು. ಈಗ ಹಿರಿಯಳೊಬ್ಬಳು ನಾಲ್ಕು ಜನರೆದುರು ಹೀಗೆ ಎಂದಮೇಲೆ ಅವನಾದರೂ ಏನು ಮಾಡಿಯಾನು. “ಕರತೋ ಅಕ್ಕಾ, ಲಗೇಚ ಬಂದ್ ಕರತೋ,” ಎಂದು ಮರಾಠಿಯಲ್ಲಿ ತಪ್ಪೊಪ್ಪಿಕೊಂಡು, ಈಗಲೇ ನಿಲ್ಲಿಸಲೆಂದು ಶೆಡ್ಡಿಗೆ ಓಡಿದ. ನೇತ್ರಾ “ಬ್ಯಾಡ್ರಿ!” ಎನ್ನುವಷ್ಟರಲ್ಲಿ ಅವನು ಮೇನ್ ಸ್ವಿಚ್ ಇಳಿಸಿಯಾಗಿತ್ತು. ಅವನನ್ನು ನೋಡಿ ಎದುರು ಶೆಡ್ಡಿನವರೂ ನಿಲ್ಲಿಸಿದರು.

ಸದ್ದು ಒಮ್ಮೆಲೇ ನಿಂತಿತು. ಮಗ್ಗದ ಓಣಿಯ ಜನ ಸದ್ದಿಗೆ ಏಳುವವರಲ್ಲ, ಸದ್ದು ನಿಂತರೆ ಏಳುವವರು. ರಾತ್ರಿಪಾಳಿ ಮುಗಿಸಿ ಒಳಗೆ ಮಲಗಿದ್ದವರು ನಾಲ್ಕಾರು ಬಾಗಿಲುಗಳಿಂದ ಕಣ್ಣುಜ್ಜುತ್ತ ಇಣುಕಿದರು. ಅನ್ನವ್ವ ದಡಕ್ಕನೆ ತಲೆಯೆತ್ತಿ, “ಕರೆಂಟ್ ಹೋತೇನ?” ಎಂದಳು.

ಇಡೀ ಅಂಗಳ ಘೊಳ್ಳೆಂದಿತು. ಭಜನೆಗೆಂದು ಬಂದು ತಾಳ ಹಿಡಿದು ಕೂತಿದ್ದವನು ನಕ್ಕು ತಾಳ ಕೆಳಗೆ ಬೀಳಿಸಿದ. ಆದರೆ ಅನ್ನವ್ವ ಇನ್ನೂ ಪೂರ್ತಿ ಎಚ್ಚತ್ತಿರಲಿಲ್ಲ. ಕಣ್ಣು ಅರೆ ಮುಚ್ಚಿದ್ದಂತೆಯೇ ಅವಳ ಅಂಗೈ ಗಂಡನ ಮೊಳಕಾಲಿಗೆ ಹೋಯಿತು. ತಟ್ಟತೊಡಗಿತು. ಟಪ್-ಟಪ್, ಟಪ್-ಟಪ್. ಒಂದೇ ಲಯ, ಮಗ್ಗದ್ದೇ ಲಯ. ನಗು ಒಬ್ಬೊಬ್ಬರಲ್ಲಿ ನಿಲ್ಲುತ್ತ ಬಂತು.

ಮಾಣಿಕಬಾಯಿ ಮೆಲ್ಲಗೆ ಕೇಳಿದಳು, “ಏನ ಮಾಡಾಕತ್ತಿ ಅನ್ನವ್ವಾ?”

“ಕರೆಂಟ್ ಹೋದ್ರ ಇವರಿಗೆ ಎಚ್ಚರ ಆಗತೈತ್ರಿ ಅಕ್ಕಾ. ಅದು ಬರೂತನಕಾ ಹಿಂಗ ತಟಗೋತ ಕುಂದರತೇನಿ. ಏಳೂದಿಲ್ಲ.”

“ಎಷ್ಟ ಹೊತ್ತ ತಟ್ಟತೀ?”

“ಕರೆಂಟ್ ಬರೂತನಕಾ.” ಅನ್ನವ್ವ ಆಗ ಕಣ್ಣು ಪೂರ್ತಿ ತೆರೆದು ಗಂಡನನ್ನು ನೋಡಿದಳು. ವಿಭೂತಿ, ಹಾರ, ರುಮಾಲು ಕಂಡವು. ತಟ್ಟುತ್ತಿದ್ದ ಕೈ ನಿಂತಿತು. “ಅಯ್ಯ, ಮರತಿದ್ನಿ,” ಎಂದು ಅವಳು ಅತ್ತಳು. ಬೆಳಗಿನಿಂದ ಬಾರದ ಅಳುವೆಲ್ಲ ಒಟ್ಟಿಗೆ ಬಂತು.

ಮಾಣಿಕಬಾಯಿ ಕಟ್ಟೆಯೇರಿ ಅವಳನ್ನು ಎದೆಗೆ ಒತ್ತಿಕೊಂಡಳು. ಅನ್ನವ್ವನ ಮೇಲೆ ಅವಳಿಗೆ ಅಷ್ಟು ಪ್ರೀತಿ ಎಂದೂ ಬಂದಿರಲಿಲ್ಲ, ತನ್ನ ಮೇಲೆ ಅಷ್ಟು ನಾಚಿಕೆಯೂ.

“ನನ್ನ ಮನ್ಯಾಗೂ ಹಿಂಗ ತಟ್ಟಬೇಕಿತ್ತಿಲ್ಲ?”

“ತಟ್ಟಿದ್ನಿರಿ. ಮೂರೂ ರಾತ್ರಿ ತಟ್ಟಿದ್ನಿ. ಕೈ ಬಾತಿತ್ತು. ಅದಕ್ಕ ಕರಕೊಂಡ ಬಂದ್ನಿ.”

ಮಾಣಿಕಬಾಯಿ ಆ ಅಂಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಆಮೇಲೆ ಮೂಗು ಒರೆಸಿಕೊಂಡು, ಶೆಡ್ಡಿನ ಬಾಗಿಲಲ್ಲಿ ತಪ್ಪಿತಸ್ಥನಂತೆ ನಿಂತಿದ್ದ ದಾದಾಸಾಹೇಬನ ಮೇಲೆ ಹರಿಹಾಯ್ದಳು.

“ಏನ ನೋಡಾಕತ್ತೀ ಅಲ್ಲಿ? ಚಾಲೂ ಕರಾ!”

“ಅಕ್ಕಾ, ಆತ್ತಾಚ ತರ ತುಮ್ಹೀ...” ಈಗಷ್ಟೇ ನೀವೇ ಹೇಳಿದಿರಲ್ಲ ಎಂಬುದು ಅವನ ತಕರಾರು.

“ಆಗ ಹೇಳಿದ್ದ ಬ್ಯಾರೆ, ಈಗ ಹೇಳೂದ ಬ್ಯಾರೆ. ಎಲ್ಲಾ ಮಗ್ಗ ಹಚ್ಚ. ಆ ಎದುರಿನವಂಗೂ ಹೇಳ!”

ಮಗ್ಗಗಳು ಒಂದೊಂದಾಗಿ ಹಿಡಿದುಕೊಂಡವು. ಕಟ್ಟೆಯ ಕಲ್ಲು ಸಣ್ಣಗೆ ನಡುಗತೊಡಗಿತು. ನೇತ್ರಾ ತಾಯಿಗೆ ಎರಡು ಗುಟುಕು ನೀರು ಕುಡಿಸಿದಳು. ಅನ್ನವ್ವ ಸೆರಗಿನಿಂದ ಮುಖ ಒರೆಸಿಕೊಂಡು, “ಇನ್ನ ಮಲಗೂದಿಲ್ಲ,” ಎಂದಳು. ಅದನ್ನು ಯಾರೂ ನಂಬಲಿಲ್ಲ. ಅವಳ ತಲೆ ಮತ್ತೆ ಕಾಡಸಿದ್ದನ ಹೆಗಲಿಗೆ ಇಳಿಯಿತು.

ಬಿಸಿಲು ಕಟ್ಟೆಯ ಅಂಚಿಗೆ ಬಂದಾಗ ಓಣಿಯ ತುದಿಯಲ್ಲಿ ಟೆಂಪೋ ನಿಂತಿತು. ತಾಯಿಗೆ ನೇತ್ರಾ ಕೊಡಬಹುದಾಗಿದ್ದ ಹೊತ್ತು ಮುಗಿಯಿತು. ಅಪ್ಪಣ್ಣ ಹಾರದ ಚೀಲ ಹಿಡಿದು ಇಳಿದ, ಹಿಂದೆ ನೇಸರಿಯ ಒಂದಿಪ್ಪತ್ತು ಮಂದಿ ಇಳಿದರು. ಹೆಂಗಸರು ದಾರಿಯಲ್ಲೇ ತಯಾರು ಮಾಡಿಕೊಂಡಿದ್ದ ಅಳುವನ್ನು ತೆಗೆಯಲು ಬಾಯಿ ತೆರೆದರು.

ಅಷ್ಟರಲ್ಲಿ ಮಾಣಿಕಬಾಯಿ ಬರಿಗಾಲಲ್ಲೇ ಓಡಿಹೋಗಿ ಅಪ್ಪಣ್ಣನ ಬಾಯಿಗೆ ಅಂಗೈ ಒತ್ತಿದಳು.

“ಬಾಯಿ ಮುಚ್ಚ! ನಿಮ್ಮ ಕಾಕಿ ಮಲಗ್ಯಾಳ.”

“ಆಂ? ಅತ್ತಿ, ಮಣ್ಣು ಯಾವಾಗ ಕೊಡೂದು?”

“ಆಕಿ ಎದ್ದ ಮ್ಯಾಲೆ.”

“ಮತ್ತ ಅಳೂದು?”

“ಅದೂ ಎದ್ದ ಮ್ಯಾಲೆ. ಎಲ್ಲಾರೂ ಕೂಡಿ ಅಳೂಣಂತ. ಈಗ ಸಪ್ಪಳಿಲ್ಲದ ಚಾ ಕುಡೀರಿ, ನಡೀರಿ.”

ನೇಸರಿಯವರು ಒಬ್ಬರ ಮುಖ ಒಬ್ಬರು ನೋಡಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದರು. ಮಗ್ಗಗಳು ಕಿವಿ ಕಿವುಡಾಗುವಂತೆ ಹೊಡೆದುಕೊಳ್ಳುತ್ತಿರುವಾಗ, ಆ ಇಪ್ಪತ್ತು ಮಂದಿ ತುದಿಗಾಲಲ್ಲಿ ಸಾಲಾಗಿ ಬಂದು, ಉಸಿರು ಹಿಡಿದು ಅಂಗಳದಲ್ಲಿ ಕೂತರು. ಮಾಣಿಕಬಾಯಿ ಕಟ್ಟೆಯೇರಿ ತಮ್ಮನ ಇನ್ನೊಂದು ಪಕ್ಕಕ್ಕೆ ಕೂತು, ಒಂದೇ ಸೆರಗಿನಿಂದ ಇಬ್ಬರ ಮೇಲಿನ ನೊಣಗಳನ್ನೂ ಬೀಸಿ ಓಡಿಸತೊಡಗಿದಳು.