ಲೆನ್ ಹಾಡಿಗೆ ರೊಟ್ಟಿಯ ತಾಳ

ಇಂಗ್ಲಿಷರ ನಾಡಿನ ಕಿಂಗ್ಸ್‌ಬರಿಯಲ್ಲಿ ಕೌನ್ಸಿಲಿನ ಬಾಡಿಗೆ ಫ್ಲ್ಯಾಟಿಗೆ ಬಂದ ಹೊಸದರಲ್ಲಿ ಕಾಶವ್ವ ಮಾಡಿದ ಮೊದಲ ಘನಂದಾರಿ ಕೆಲಸವೆಂದರೆ ಪಕ್ಕದ ಮನೆಯ ಲೆನ್‌ನ ವಾದ್ಯದ ಮೇಲೆ ಇಳಕಲ್ ಸೀರೆ ಒಗೆದದ್ದು. ಗೆರೆಗೆರೆಯ ಹಿತ್ತಾಳೆ ತಗಡಿನ ಒಗೆಯುವ ಹಲಗೆಯದು. ಆ ಮುದುಕ ತೋರಿಸಲೆಂದು ತಂದರೆ, ಪಾಪ, ಬಟ್ಟೆ ಒಗೆಯಲು ಕೊಡುತ್ತಿದ್ದಾನೆಂದು ಈಕೆ ಇಸಿದುಕೊಂಡಳು. ಮರುದಿನ ಹುಣಸೆಹಣ್ಣು ಹಚ್ಚಿ ಫಳಫಳ ಬೆಳಗಿ ವಾಪಸು ಕೊಟ್ಟಾಗ ಲೆನ್ ಗೋಡೆ ಹಿಡಿದುಕೊಂಡು ನಕ್ಕ. ಆಮೇಲೆ ಬೆರಳುಗಳಿಗೆ ದರ್ಜಿಯವರ ಲೋಹದ ಟೋಪಿ ತೊಟ್ಟು, ಹಲಗೆಯ ಮೇಲೆ ಗೀರುತ್ತ ಹಾಡಿದ. ಆ ಬಗೆಯ ಹಾಡಿಗೆ ಸ್ಕಿಫಲ್ ಅಂತೆ. ಒಗೆಯುವ ಹಲಗೆ, ಚಹಾದ ಪೆಟ್ಟಿಗೆ, ಕಸಬರಿಗೆಯ ಕೋಲು, ಮನೆಯಲ್ಲಿ ಕೈಗೆ ಸಿಕ್ಕಿದ್ದೆಲ್ಲ ಅದರಲ್ಲಿ ವಾದ್ಯವೇ.

ಬೆಳಿಗ್ಗೆ ಕಾಶವ್ವ ಜೋಳದ ರೊಟ್ಟಿ ಬಡಿಯುವ ಸಪ್ಪಳ ಗೋಡೆಯಾಚೆಗೂ ಹೋಗುತ್ತಿತ್ತು. ಬೇರೆಯವರಾಗಿದ್ದರೆ ಕೌನ್ಸಿಲಿಗೆ ದೂರು ಕೊಡುತ್ತಿದ್ದರು. ಲೆನ್ ಆ ಸಪ್ಪಳಕ್ಕೆ ಹಲಗೆ ಗೀರಿ ದನಿಗೂಡಿಸಿದ. ಅವನಿಗೆ ಕನ್ನಡ ಬಾರದು, ಇವಳ ಇಂಗ್ಲಿಷು ಥ್ಯಾಂಕ್ಯೂ ದಾಟದು. ಆದರೂ ವರ್ಷಗಟ್ಟಲೆ ಇಬ್ಬರಿಗೂ ಬೆಳಗಾಗುತ್ತಿದ್ದುದು ಹೀಗೆಯೇ.

೧೯೯೮ರ ಮಾರ್ಚಿನಲ್ಲಿ ಲೆನ್ ತೀರಿಕೊಂಡ. ಸುಡುಗಾಡಿನಲ್ಲಿ ಟೇಪಿನ ಸಂಗೀತ ಮುಗಿಯುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಧಾರವಾಡದ ಕಡೆಯ ಅವಳ ಊರಿನಲ್ಲಿ ಭಜನೆ ಮಾಡದೆ ಯಾರ ಹೆಣವನ್ನೂ ಎತ್ತುವುದಿಲ್ಲ. ಬಾಳೆಲ್ಲ ಹಾಡಿದವನನ್ನು ಒಬ್ಬರೂ ಬಾಯಿಬಿಟ್ಟು ಹಾಡದೆ ಕಳಿಸಿದ್ದು ಕಾಶವ್ವನ ಕರುಳಿಗೆ ಚುಚ್ಚಿತು. ಗೆಳೆಯರೆಲ್ಲ ಪಬ್ಬಿನಲ್ಲಿ ಸೇರಿ ಅವನ ನೆನಪಿಗೆ ಹಾಡುತ್ತಾರೆಂದು ಗೊತ್ತಾದದ್ದೇ ತಡ, ತನ್ನನ್ನೂ ಅಲ್ಲಿಗೆ ಕರೆದೊಯ್ಯೆಂದು ಮಗಳು ಸುವರ್ಣಾಳ ಬೆನ್ನುಬಿದ್ದಳು.

"ಅದು ಕುಡ್ಯಾವ್ರ ಜಾಗಾ ಐತಿ, ಅವ್ವಾ. ನಮ್ಮ ಮಂದಿ ಕಂಡ್ರ ಏನಂದಾರು?"

"ಅಂದ್ರ ಅನ್ಲಿ. ಅಂವಾ ನನ್ನ ಕೈಯಾಗಿನ ರೊಟ್ಟಿ ಉಂಡಾನ. ಹಾಡಿಲ್ಲದ ಹೆಂಗ ಕಳಸ್ಲಿ?"

ಪಬ್ಬಿನ ಮಹಡಿಯಲ್ಲಿ ಲೆನ್ ಕೂರುತ್ತಿದ್ದ ಕುರ್ಚಿಯ ಮೇಲೆ ಅವನ ಹಲಗೆ ಒಂದೇ ಕೂತಿತ್ತು. ಅವನ ಹಳೆಯ ಜೊತೆಗಾರ ಡೆರೆಕ್ ಗಿಟಾರ್ ಮೀಟಿ ಹಾಡು ಎತ್ತಿಕೊಂಡ. ತಾಳವಿಲ್ಲದೆ ಒಬ್ಬೊಬ್ಬರು ಒಂದೊಂದು ದಾರಿ ಹಿಡಿದರು. ಮತ್ತೆ ಎತ್ತಿಕೊಂಡರು, ಮತ್ತೆ ಮುರಿಯಿತು. ಡೆರೆಕ್ ಗಿಟಾರ್ ಕೆಳಗಿಟ್ಟು ಏನೋ ಹೇಳಿದ.

"ಲೆನ್ ಇಲ್ಲದ ಆಗೂದಿಲ್ಲಂತ. ಇನ್ಮ್ಯಾಲ ಈ ಹಾಡಿನ ಕೂಟಾನ ಬ್ಯಾಡಂತ," ಎಂದು ಸುವರ್ಣಾ ಪಿಸುಗುಟ್ಟಿದಳು.

ಕಾಶವ್ವ ಎದ್ದಳು. ಮಗಳು ಸೆರಗು ಜಗ್ಗಿದ್ದನ್ನೂ ಲೆಕ್ಕಿಸದೆ ಹೋಗಿ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಗೀರಲು ಅವಳಿಗೆ ಎಲ್ಲಿ ಬರಬೇಕು? ಬರುವುದು ಬಡಿಯಲಿಕ್ಕೆ. ಅಂಗೈಯಿಂದ ಬಡಿದಳು, ಬಳೆಗಳು ಗೆರೆಗಳ ಮೇಲೆ ಝಣಗುಟ್ಟಿದವು.

ಡೆರೆಕ್ ತಲೆಯೆತ್ತಿದ. "ಇದು ಲೆನ್ ನಮಗೆ ಕಲಿಸಿದ ತಾಳ. ಇವರಿಗೆ ಹೇಗೆ ಗೊತ್ತು?" ಎಂದು ಇಂಗ್ಲಿಷಿನಲ್ಲಿ ಕೇಳಿದ.

ಸುವರ್ಣಾ ತಾಯಿಯ ಕೈಗಳನ್ನೇ ನೋಡಿದಳು. "ಅದು ಅಮ್ಮ ರೊಟ್ಟಿ ಬಡಿಯುವ ತಾಳ," ಎಂದಳು.

ಡೆರೆಕ್ ಗಿಟಾರ್ ಮತ್ತೆ ಕೈಗೆತ್ತಿಕೊಂಡ. ಈ ಸಲ ಹಾಡು ಮುರಿಯಲಿಲ್ಲ. ಅದು ಮುಗಿದರೂ ಕಾಶವ್ವ ಕೈ ನಿಲ್ಲಿಸದೆ ತವರಿನ ಬೀಸುವ ಪದವೊಂದನ್ನು ಎತ್ತಿಕೊಂಡಳು. ಅಳು ಬಂತು, ಅಳುತ್ತಲೇ ಹಾಡಿದಳು. ಪದ ಅರ್ಥವಾಗದಿದ್ದರೂ ಮುದುಕರೆಲ್ಲ ಗಿಟಾರಿನೊಂದಿಗೆ ಅವಳ ದನಿಯ ಹಿಂದೆ ಬಂದರು.

ಹೊರಡುವಾಗ ಡೆರೆಕ್ ಹಲಗೆಯನ್ನು ಅವಳ ಕೈಗೇ ಕೊಟ್ಟು, ಮುಂದಿನ ತಿಂಗಳು ಬರುತ್ತೀರಾ ಎಂದು ಕೇಳಿದ.

"ರೊಟ್ಟಿ ಬಡಿಯಾಕ ಕೈ ಇರೂತನಕ ಬರ್ತೀನಂತ ಹೇಳು," ಎಂದಳು ಕಾಶವ್ವ.

ಬಸ್ಸಿನಲ್ಲಿ ಸುವರ್ಣಾ ತಾಯಿಯ ಭುಜಕ್ಕೆ ಒರಗಿದಳು. "ಈ ಸಲಾ ಅದರ ಮ್ಯಾಲ ಸೀರಿ ಒಗೀಬ್ಯಾಡ, ಅವ್ವಾ."

ಕಾಶವ್ವ ಕಿಟಕಿ ಹಿಡಿದುಕೊಂಡು ನಕ್ಕಳು, ಥೇಟ್ ಲೆನ್ ನಕ್ಕ ಹಾಗೆ.