ಮಗನ ಮೇಲಿನ ಜಾಗ

ಶುಕ್ರಿಗೆ ಗೋರಿ ಇರಲಿಲ್ಲ. ಹೆಣ ತೊಳೆದು ಕಫನ್ ಬಟ್ಟೆ ಸುತ್ತಿ ಆಗಿತ್ತು. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಎತ್ತಬೇಕು. ಮಗಳು ರಿಹಾಬ್ ಕಬರಸ್ತಾನದ ಗೇಟಿನಲ್ಲಿ, ಗೋರಿ ತೋಡುವ ಹಮ್ದಾನನ ಗುದ್ದಲಿ ಹಿಡಿದು ನಿಂತಿದ್ದಳು.

"ಬಿಡಮ್ಮ, ಗುದ್ದಲಿ ಹಿಡ್ಕೊಂಡ್ರೆ ಜಾಗ ಹುಟ್ಟುತ್ತಾ?"

"ನಮ್ಮಜ್ಜನ ಗೋರಿ ತೆಗಿ."

"ಅದರೊಳಗೆ ನಿನ್ನ ಚಿಕ್ಕಪ್ಪನ್ನ ಇಟ್ಟು ಎರಡು ವರ್ಷ ಆಗಿಲ್ಲ. ಇನ್ನೂ ಮಣ್ಣಾಗಿರಲ್ಲ. ತೆಗೀಬಾರದು."

ಲೆಬನಾನಿನ ಸೈದಾ ಊರಿನಂಚಿನ ಈ ನಿರಾಶ್ರಿತರ ಕ್ಯಾಂಪಿನಲ್ಲಿ ಸತ್ತವರು ಮನೆಯವರ ಹಳೆಯ ಗೋರಿಯಲ್ಲೇ ಒಬ್ಬರ ಮೇಲೊಬ್ಬರು ಮಲಗುತ್ತಾರೆ. ಹೊರಗೆ ಜಾಗ ಕೊಳ್ಳಲು ಲೆಬನಾನಿನ ಕಾನೂನು ಪ್ಯಾಲೆಸ್ತೀನಿಯರಿಗೆ ಬಿಡುವುದಿಲ್ಲ.

"ನಿಮ್ಮಪ್ಪನ ಗೆಳೆಯ ನಿಮ್ರನನ್ನ ಕೇಳು," ಅಂದ ಹಮ್ದಾನ್. "ಅವನ ಮಗನ ಗೋರಿ ಹಳೇದು. ಮೇಲಿನ ಜಾಗ ತನಗೇ ಅಂತ ಇಟ್ಕೊಂಡಿದ್ದಾನೆ."

ಬೇರೆ ಯಾರನ್ನಾದರೂ ಕೇಳಬಹುದಿತ್ತು. ನಿಮ್ರನನ್ನು ಯಾವ ಮುಖ ಹೊತ್ತು ಕೇಳುವುದು?

*

ಯಾವುದಾದರೂ ದೇಶ ಪ್ಯಾಲೆಸ್ತೀನನ್ನು ದೇಶವೆಂದು ಒಪ್ಪಿಕೊಂಡರೆ ಸಾಕು, ಶುಕ್ರಿ ಗಾರೆ ಮೆತ್ತಿದ ಕೈಯಲ್ಲೇ ಬಕ್ಲಾವಾ ಮಿಠಾಯಿ ತಂದು ಓಣಿಗೆಲ್ಲ ಹಂಚುತ್ತಿದ್ದ. ತರಕಾರಿ ಗಾಡಿಯ ನಿಮ್ರ್ ಬಾಯಿಗೆ ಹಾಕಿಕೊಂಡೇ ಶುರುಮಾಡುತ್ತಿದ್ದ.

"ಇವತ್ತು ಯಾವ ದೇಶನಪ್ಪಾ?"

"ಐಸ್‌ಲ್ಯಾಂಡ್."

"ಅದೆಲ್ಲಿದೆ?"

"ಎಲ್ಲೋ ಇದೆ. ನಾವೂ ಇದ್ದೀವಿ ಅಂತ ಅವರಿಗೆ ಗೊತ್ತಾಯ್ತಲ್ಲ!"

"ದಿನಾ ನೋಡೋ ಕ್ಯಾಂಪ್ ಗೇಟಿನ ಸಿಪಾಯಿಗೇ ನಿನ್ನ ಗುರುತು ಸಿಗಲ್ಲ, ಐಸ್‌ಲ್ಯಾಂಡಿಗೆ ಸಿಕ್ತಾ? ಇನ್ನೊಂದು ತುಂಡು ಕೊಡು."

ಈ ಬೇಸಿಗೆಯಲ್ಲಿ ಮಾತ್ರ ಇಬ್ಬರ ನಡುವೆ ಕೆಟ್ಟುಹೋಯಿತು. ಯುರೋಪಿನ ಒಂದು ದೊಡ್ಡ ಸರ್ಕಾರ ಒಪ್ಪುವ ಬಗ್ಗೆ ಯೋಚಿಸುತ್ತಿದೆ ಎಂಬ ಸುದ್ದಿಗೇ ಶುಕ್ರಿ ತಟ್ಟೆ ಹಿಡಿದು ಬಂದ.

"ಯೋಚಿಸೋದಕ್ಕೂ ಬಕ್ಲಾವಾನಾ, ಹುಚ್ಚಾ!"

"ನಿನ್ನ ಮಗನ ಜೊತೆ ನಿನ್ನ ದೇಶವೂ ಸತ್ತಿದೆ. ನಂದಿನ್ನೂ ಸತ್ತಿಲ್ಲ."

ನಿಮ್ರ್ ತಟ್ಟೆಯನ್ನು ಚರಂಡಿಗೆ ಮಗುಚಿದ. ಆಮೇಲೆ ಇಬ್ಬರೂ ಮಾತಾಡಲಿಲ್ಲ.

*

ನಿಮ್ರ್ ಗಾಡಿಯ ಮುಂದೆ ಕೊಳೆತ ಬದನೆಕಾಯಿ ಆರಿಸಿ ಎಸೆಯುತ್ತಿದ್ದ. ರಿಹಾಬ್ ಹೇಳುವುದನ್ನೆಲ್ಲ ತಲೆ ಎತ್ತದೆ ಕೇಳಿದ.

"ಹಾಗಾದ್ರೆ ನಾನೆಲ್ಲಿ ಮಲಗಲಿ?"

"ಅವತ್ತು ಅಪ್ಪ ಹಾಗನ್ನಬಾರದಿತ್ತು, ಮಾಮಾ."

"ಅನ್ನಬಾರದಿತ್ತು." ಅವನು ಇನ್ನೂ ಎರಡು ಬದನೆಕಾಯಿ ಎಸೆದ. ಆಮೇಲೆ ಗಾಡಿಗೆ ಗೋಣಿಚೀಲ ಹೊದಿಸಿದ. "ನಡಿ. ಆ ಹಮ್ದಾನ್ ಕಣ್ಣುಮುಚ್ಚಿ ಅಗೀತಾನೆ. ನನ್ನ ಹುಡುಗನ ಮೂಳೆಗೆ ಗುದ್ದಲಿ ತಗುಲಬಾರದು."

ಹಮ್ದಾನನನ್ನು ಪಕ್ಕಕ್ಕೆ ತಳ್ಳಿ ತಾನೇ ಗೋರಿಗಿಳಿದ. ಮೂಳೆಗಳನ್ನು ಕೈಯಿಂದಲೇ ಆರಿಸಿ, ಹೊಸ ಬಟ್ಟೆಯಲ್ಲಿ ಕಟ್ಟಿ, ಒಂದು ಮೂಲೆಯಲ್ಲಿಟ್ಟ. ಮೇಲೆ ಬಂದಾಗ ಮೊಣಕಾಲತನಕ ಮಣ್ಣಾಗಿತ್ತು.

"ಇನ್ನು ನಿಮ್ಮಪ್ಪ ನನ್ನ ಹುಡುಗನ ತಲೆ ತಿಂತಾನೆ," ಅಂದ. "ಇವತ್ತು ಯಾವ ದೇಶ ಒಪ್ತು ಅಂತ."

ರಿಹಾಬ್‌ಗೆ ಅಳುವಿನ ನಡುವೆಯೇ ನಗು ಬಂತು.

ನಮಾಜಾಗಿ, ಮಣ್ಣು ಮುಚ್ಚಿ, ಗಂಡಸರು ಮನೆಯ ಮುಂದಿನ ಕುರ್ಚಿಗಳಲ್ಲಿ ಕೂತರು. ಸಾವಿನ ಮನೆಯ ಕಾಫಿಗೆ ಸಕ್ಕರೆ ಹಾಕುವುದಿಲ್ಲ. ಎದುರಿನ ಅಂಗಡಿಯ ಟಿವಿಯಲ್ಲಿ ವಾರ್ತೆ ಬಂತು: ಯುರೋಪಿನ ಆ ಸರ್ಕಾರ ತೀರ್ಮಾನವನ್ನು ಮುಂದಕ್ಕೆ ಹಾಕಿದೆ, ಇನ್ನೂ ಯೋಚಿಸಬೇಕಂತೆ.

ನಿಮ್ರ್ ಥಟ್ಟನೆ ಪಕ್ಕದ ಕುರ್ಚಿಯತ್ತ ತಿರುಗಿ ಬಾಯಿ ತೆರೆದ. ಅಲ್ಲಿ ಯಾರೋ ದೂರದ ನೆಂಟ ಕೂತಿದ್ದ. ಬಾಯಿ ಮುಚ್ಚಿಕೊಂಡ.

ಬಾಗಿಲಲ್ಲಿ ನಿಂತ ರಿಹಾಬ್ ಅದನ್ನು ನೋಡಿದಳು. ಅವಳು ಕಳೆದುಕೊಂಡದ್ದು ಅಪ್ಪನನ್ನು. ನಿಮ್ರ್ ಕಳೆದುಕೊಂಡದ್ದು ಗೆಳೆಯನನ್ನು, ಮಗನ ಮೇಲಿನ ಜಾಗವನ್ನು.