ಅತ್ತೆ ಕೇಳಿದ ಎರಡನೇ ಭಾಗ

ಅಥಣಿಯ ಟಾಕೀಜಿನಿಂದ ನಮ್ಮೂರು ಅನಂತಪುರಕ್ಕೆ ಬಸ್ಸಿನಲ್ಲಿ ಬರುವಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೂರು ವರ್ಷ ಕಾದಿದ್ದ ಸಿನಿಮಾ ಅದು. ಮೊದಲನೇ ಭಾಗದಲ್ಲಿ ಚಂದ್ರನ ಮೇಲೆ ಒಬ್ಬಳೇ ಉಳಿದ ಹುಡುಗಿ, ಹರಿದ ಬಾಹ್ಯಾಕಾಶದ ಅಂಗಿಯನ್ನು ತಾನೇ ಹೊಲಿದುಕೊಂಡು ಬದುಕಿ ಬಂದಿದ್ದಳು. ಈ ಸಲ ಅವಳಿಗೆ ಒಂದೇ ಕೆಲಸ, ಅಳುವುದು. ಹೀರೋ ಬಂದು ಬಿಡಿಸಬೇಕಂತೆ! ಕೋಟಿಗಟ್ಟಲೆ ಸುರಿದವರಿಗೆ ಇಷ್ಟೂ ತಿಳಿಯಬಾರದೇ?

ಮನೆಯಲ್ಲಿ ಅತ್ತೆ ಲಕ್ಕವ್ವ ಹಳೆ ಸೀರೆಯ ತುಂಡುಗಳ ಕೌದಿ ಹೊಲಿಯುತ್ತ ಕಾದಿದ್ದರು. ಟಾಕೀಜಿನಲ್ಲಿ ಕೈಕಟ್ಟಿ ಕೂಡುವುದು ಅವರಿಂದಾಗದು. ಮೊದಲನೇ ಭಾಗವನ್ನೂ ನಾನೇ ನೋಡಿ ಬಂದು ಹೇಳಿದ್ದೆ. ಕೌದಿಯ ಇನ್ನೊಂದು ಅಂಚು ಹಿಡಿದು ಕೂತು ಕತೆ ಶುರು ಮಾಡಿದೆ.

"ಈ ಸಲ ಮಂಗಳ ಗ್ರಹದಾಗ ಅಕೀನ್ನ ಒಂದು ಡಬ್ಬಿಯೊಳಗ ಕೂಡಿ ಹಾಕ್ತಾರ್ರಿ. ಅಕಿ ಅಳಕೋತ ಕುಂದರತಾಳ..."

ಅತ್ತೆಯ ಸೂಜಿ ನಿಂತಿತು.

"ಯಾಕ ಅಳತಾಳ? ಸೂಜಿ ದಾರ ಅಕೀ ಕಿಸೇದಾಗ ಇತ್ತಲ್ಲ?"

ಸಿನಿಮಾ ಮಾಡಿದವರೇ ಮರೆತದ್ದನ್ನು ಅತ್ತೆ ಮೂರು ವರ್ಷ ನೆನಪಿಟ್ಟಿದ್ದರು.

"ಐತ್ರಿ," ಎಂದೆ. "ಕಣ್ಣ ಒರಸ್ಕೊಂಡು ಈಗ ಅದನ್ನ ತಗೀತಾಳ."

ಮುಂದಿನದೆಲ್ಲ ನನ್ನದೇ. ಅವಳು ಸೂಜಿಯಿಂದಲೇ ಡಬ್ಬಿಯ ಬೀಗ ತೆಗೆದು ಹೊರಬಂದು, ಹಳೆಯ ಪ್ಯಾರಾಚೂಟುಗಳನ್ನು ತುಂಡಿಗೆ ತುಂಡು ಕೂಡಿಸಿ ದೊಡ್ಡದೊಂದು ಹಾಯಿ ಹೊಲಿದಳು. ಅದನ್ನೇ ಬಿಚ್ಚಿ ಹಾರಿ, ದಾರಿ ತಪ್ಪಿದ್ದ ಹೀರೋನನ್ನೂ ಹುಡುಕಿ ತಂದಳು. ಕತೆ ಮುಗಿಯುವಷ್ಟರಲ್ಲಿ ಕೌದಿಯೂ ಮುಗಿದಿತ್ತು.

ಅತ್ತೆ ಹಲ್ಲಿನಿಂದ ದಾರ ಕಡಿದು, ನನ್ನ ಮುಖ ನೋಡಿ ನಕ್ಕರು.

"ಮೊದಲನೇದಕ್ಕಿಂತ ಇದು ಚಲೋ ಆತು. ಮೂರನೇದಕ್ಕ ಅಥಣಿ ತನಕ ಹೋಗಬ್ಯಾಡ. ಇಲ್ಲೇ ಕುಂತು ಹೇಳ."